ಪಂಚಲೋಹ ಶಬ್ದದ ಮೂಲ ಮತ್ತು ಅರ್ಥವಿಸ್ತಾರ

ಕರ್ನಾಟಕದ ಬಸದಿಗಳಲ್ಲಿ ಪೂಜೆಗೊಳ್ಳುತ್ತಿರುವ ಲೋಹದ ಜಿನಬಿಂಬಗಳನ್ನು ಪಂಚಲೋಹದ ಬಿಂಬಗಳೆಂದು ಕರೆಯುವುದು ರೂಢಿ. ಮೂಡಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿಯ (1430) ಚಂದ್ರನಾಥಸ್ವಾಮಿಯ ಭವ್ಯಬಿಂಬದಿಂದ ಮೊದಲ್ಗೊಂಡು ಗೃಹಚೈತ್ಯಾಲಯದ ಅಂಗುಷ್ಠಪ್ರಮಾಣದ ಬಿಂಬದವರೆಗೆ ಈ ಒಂದೇ ಹೆಸರು ಸಲ್ಲುತ್ತದೆ. ಈ ಹೆಸರನ್ನು ಕೇಳಿದೊಡನೆ ಚಿನ್ನ, ಬೆಳ್ಳಿ, ತಾಮ್ರ ಮತ್ತು ಇನ್ನೆರಡು ಲೋಹಗಳನ್ನು ಒಟ್ಟಿಗೆ ಕರಗಿಸಿ ಎರೆದ ಅಮೂಲ್ಯವಾದ ಮಿಶ್ರಣವೆಂಬ ಭಾವನೆ ಶ್ರಾವಕರ ಮನಸ್ಸಿನಲ್ಲಿ ಮೂಡುತ್ತದೆ. ಉಳಿದೆರಡು ಯಾವುವೆಂಬಲ್ಲಿ ಮಾತ್ರ ಮತಭೇದವುಂಟು. ಕೆಲವರು ತವರ ಮತ್ತು ಸೀಸವೆನ್ನುತ್ತಾರೆ, ಕೆಲವರು ಹಿತ್ತಾಳೆ ಮತ್ತು ಕಬ್ಬಿಣವೆನ್ನುತ್ತಾರೆ. ಈ ಮತಭೇದವೇ ಹೆಸರಿನ ಇತಿಹಾಸವನ್ನು ವಿಚಾರಿಸಬೇಕೆಂಬುದಕ್ಕೆ ಮೊದಲ ಸೂಚನೆ. ಒಂದು ದ್ರವ್ಯಕ್ಕೆ ಅದರ ಘಟಕಗಳಿಂದಲೇ ಹೆಸರು ಬಂದಿದ್ದರೆ ಘಟಕಗಳ ವಿಷಯದಲ್ಲಿ ಇಷ್ಟು ಸಂದೇಹಕ್ಕೆ ಅವಕಾಶವಿರಬಾರದು.

ಈ ವಿಚಾರವು ಕೇವಲ ಶಬ್ದಕುತೂಹಲದ್ದಲ್ಲ. ಪ್ರತಿಷ್ಠಾಗ್ರಂಥಗಳ, ಶ್ರಾವಕಾಚಾರಗಳ, ವೈದ್ಯ ಮತ್ತು ಗಣಿತ ಗ್ರಂಥಗಳ ಓಲೆಪ್ರತಿಗಳನ್ನು ಸಂಪಾದಿಸುವವರು ಲೋಹ, ಧಾತು, ಕಾಂಸ್ಯ, ರೀತಿ, ಪಿತ್ತಲ ಮೊದಲಾದ ಶಬ್ದಗಳಿಗೆ ಅರ್ಥ ಬರೆಯಬೇಕಾಗುತ್ತದೆ. ಬಸದಿಗಳ ಬಿಂಬಗಳ ಪಟ್ಟಿಯನ್ನು ಮಾಡುವವರು ದ್ರವ್ಯದ ಅಂಕಣವನ್ನು ತುಂಬಬೇಕಾಗುತ್ತದೆ. ಇವೆರಡೂ ಕಡೆಗಳಲ್ಲಿ ಇಂದಿನ ರೂಢಿಯ ಅರ್ಥವನ್ನು ಹಿಂದಿನ ಕಾಲಕ್ಕೆ ಆರೋಪಿಸಿದರೆ ಗ್ರಂಥಾರ್ಥಕ್ಕೂ ಬಿಂಬಕ್ಕೂ ಹಾನಿ ತಪ್ಪಿದ್ದಲ್ಲ.

1. ಲೋಹವೆಂದರೆ ಕೆಂಪು

ಲೋಹ ಶಬ್ದವು ಲೋಹಿತ, ರೋಹಿತ, ರುಧಿರ ಎಂಬ ಶಬ್ದಗಳ ಬಳಗಕ್ಕೆ ಸೇರಿದುದು. ಇವೆಲ್ಲವುಗಳಲ್ಲಿಯೂ ಕೆಂಬಣ್ಣದ ಅರ್ಥವಿದೆ. ರಕಾರ ಲಕಾರಗಳ ವಿನಿಮಯವು ಸಂಸ್ಕೃತದಲ್ಲಿ ಸುಪರಿಚಿತವಾದುದು. ಹೀಗಾಗಿ ಲೋಹವೆಂದರೆ ಮೊದಲಲ್ಲಿ ಕೆಂಪಾದುದು, ಲೋಹಗಳಲ್ಲಿ ಕೆಂಪಾದುದೆಂದರೆ ತಾಮ್ರ.

ಇದಕ್ಕೆ ವೈದಿಕ ವಾಙ್ಮಯದಲ್ಲಿ ಸ್ಪಷ್ಟವಾದ ಆಧಾರವಿದೆ. ಯಜುರ್ವೇದದ ಚಮಕಭಾಗದಲ್ಲಿ ಹಿರಣ್ಯ, ಅಯಸ್, ಸೀಸ, ತ್ರಪು, ಶ್ಯಾಮ, ಲೋಹ ಎಂದು ಆರು ದ್ರವ್ಯಗಳನ್ನು ಬೇರೆಬೇರೆಯಾಗಿ ಎಣಿಸಲಾಗಿದೆ. ಲೋಹವು ಎಲ್ಲ ಲೋಹಗಳಿಗೂ ಸಾಮಾನ್ಯವಾದ ಹೆಸರಾಗಿದ್ದರೆ ಈ ಎಣಿಕೆಯಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿರುತ್ತಿರಲಿಲ್ಲ. ಶ್ಯಾಮವೆಂಬ ಕರಿಯ ಲೋಹದ ಪಕ್ಕದಲ್ಲಿ ಲೋಹವೆಂಬ ಕೆಂಪು ಲೋಹವನ್ನು ಇರಿಸಿರುವುದು ಗಮನಾರ್ಹ. ಅಥರ್ವವೇದದಲ್ಲಿಯೂ ಕರಿಯದು ಮತ್ತು ಕೆಂಪಾದುದು ಎಂಬ ಇದೇ ಜೋಡಿ ಕಂಡುಬರುತ್ತದೆ.

ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಮಣ್ಣಿನ ಮುದ್ದೆ, ಲೋಹಮಣಿ, ಉಗುರು ಕತ್ತರಿಸುವ ಉಪಕರಣ ಎಂಬ ಮೂರು ದೃಷ್ಟಾಂತಗಳು ಬರುತ್ತವೆ. ಮೂರನೆಯ ದೃಷ್ಟಾಂತದಲ್ಲಿ ಕಬ್ಬಿಣಕ್ಕೆ ಕಾರ್ಷ್ಣಾಯಸವೆಂಬ ಬೇರೆ ಶಬ್ದವೇ ಇರುವುದರಿಂದ ಎರಡನೆಯದರ ಲೋಹವು ಕಬ್ಬಿಣವಾಗಲಾರದು. ಶಂಕರರು ತಮ್ಮ ಭಾಷ್ಯದಲ್ಲಿ ಲೋಹಮಣಿಯನ್ನು ಸುವರ್ಣಪಿಂಡವೆಂದು ವಿವರಿಸಿದ್ದಾರೆ. ಆಧುನಿಕ ಅನುವಾದಕರಲ್ಲಿ ತಾಮ್ರವೆಂದವರೂ ಇದ್ದಾರೆ, ಚಿನ್ನವೆಂದವರೂ ಇದ್ದಾರೆ. ಒಂದೇ ಶಬ್ದವು ಕಾಲಾಂತರದಲ್ಲಿ ಎಷ್ಟು ದೂರ ಸರಿಯಬಲ್ಲುದೆಂಬುದಕ್ಕೆ ಈ ಒಂದು ಸ್ಥಳವೇ ಸಾಕು.

ಸಿಂಹಳದ ಅನುರಾಧಪುರದ ಲೋಹಪ್ರಾಸಾದವು ಇದೇ ಹಳೆಯ ಅರ್ಥವನ್ನು ಉಳಿಸಿಕೊಂಡಿರುವ ಹೆಸರು. ಆ ಪ್ರಾಸಾದಕ್ಕೆ ತಾಮ್ರದ ಹೊದಿಕೆಯಿತ್ತೆಂದು ಮಹಾವಂಸವು ತಿಳಿಸುತ್ತದೆ.

2. ಸಾಮಾನ್ಯಾರ್ಥ ಮತ್ತು ಕಬ್ಬಿಣದ ಅರ್ಥ

ತಾಮ್ರದ ಹೆಸರು ಎಲ್ಲ ಲೋಹಗಳಿಗೂ ಹೇಗೆ ಸಂದಿತು? ಮನುಷ್ಯನು ಉಪಕರಣಗಳಿಗಾಗಿ ವಿಪುಲವಾಗಿ ಬಳಸಿದ ಮೊದಲ ಲೋಹ ತಾಮ್ರವಾದುದರಿಂದ, ಅನಂತರ ಬಂದವುಗಳೂ ಅದರ ಹೆಸರಿನಡಿಯಲ್ಲಿಯೇ ಸೇರಿಕೊಂಡವೆಂದು ತಿಳಿಯಬೇಕು. ಕೌಟಿಲ್ಯನ ಅರ್ಥಶಾಸ್ತ್ರದ ಕಾಲಕ್ಕೆ ಈ ಬದಲಾವಣೆ ಮುಗಿದಿತ್ತು. ಅದರ ಎರಡನೆಯ ಅಧಿಕರಣದಲ್ಲಿ ಕುಪ್ಯದ್ರವ್ಯಗಳನ್ನು ಹೇಳುವಾಗ ಕಾಲಾಯಸ, ತಾಮ್ರ, ವೃತ್ತ, ಕಂಸ, ಸೀಸ, ತ್ರಪು, ವೈಕೃಂತಕ, ಆರಕೂಟ ಇವೆಲ್ಲವನ್ನೂ ಲೋಹಗಳೆಂದು ಕರೆಯಲಾಗಿದೆ. ಕಂಸ (ಕಂಚು), ಆರಕೂಟ (ಹಿತ್ತಾಳೆ) ಎಂಬ ಮಿಶ್ರದ್ರವ್ಯಗಳೂ ಇಲ್ಲಿ ಲೋಹಗಳೇ ಆಗಿವೆ. ಲೋಹವೊಂದು ಮೂಲದ್ರವ್ಯವಾಗಿರಬೇಕೆಂಬ ಇಂದಿನ ರಸಾಯನಶಾಸ್ತ್ರದ ನಿಯಮ ಪ್ರಾಚೀನರಿಗೆ ಇರಲಿಲ್ಲವೆಂಬ ಈ ಅಂಶವು ಮುಂದಿನ ವಿಚಾರಕ್ಕೆ ಬಹಳ ಮುಖ್ಯವಾದುದು.

ಅಮರಕೋಶದಲ್ಲಿ ಲೋಹಕ್ಕೆ ಎರಡು ಅರ್ಥಗಳು ಒಟ್ಟಿಗೆ ನಿಂತಿವೆ. ಕಬ್ಬಿಣದ ಪರ್ಯಾಯಗಳಲ್ಲಿ ಅದು ಮೊದಲನೆಯದು. ತೈಜಸವಾದ ದ್ರವ್ಯವೆಲ್ಲವೂ ಲೋಹವೆಂಬ ಮಾತೂ ಅಲ್ಲಿಯೇ ಇದೆ. ಹೀಗೆ ತಾಮ್ರದಿಂದ ಹೊರಟ ಶಬ್ದವು ಒಂದು ಕಡೆ ಸಾಮಾನ್ಯವಾಚಿಯಾಗಿ, ಇನ್ನೊಂದು ಕಡೆ ಕಬ್ಬಿಣದ ವಿಶೇಷವಾಚಿಯಾಗಿ ನಿಂತಿತು. ತಾಮ್ರಕ್ಕೆ ತಾಮ್ರಕ, ಶುಲ್ಬ, ಉದುಂಬರ ಮೊದಲಾದ ಬೇರೆ ಹೆಸರುಗಳೇ ಉಳಿದುವು.

ರಸಶಾಸ್ತ್ರಜ್ಞರು ಈ ಶಬ್ದಕ್ಕೆ ಬೇರೊಂದು ನಿರುಕ್ತಿಯನ್ನು ಹೇಳಿದರು. ಸುಮಾರು 13ನೆಯ ಶತಮಾನದ ರಸರತ್ನಸಮುಚ್ಚಯವು ಕರ್ಷಣಾರ್ಥದ ಲುಹ ಧಾತುವಿನಿಂದ ಲೋಹವನ್ನು ಸಾಧಿಸುತ್ತದೆ. ಅದಿರಿನಿಂದ ಸೆಳೆದು ತೆಗೆದುದು ಲೋಹವೆಂಬುದು ಇದರ ತಾತ್ಪರ್ಯ. ಭಾಷಾಶಾಸ್ತ್ರದ ದೃಷ್ಟಿಯಿಂದ ಕೆಂಪು ಎಂಬ ಮೂಲವೇ ಪ್ರಬಲವಾದುದು. ಆದರೂ ಕುಲುಮೆಯ ಬಳಿ ನಿಂತವರು ಆ ಶಬ್ದವನ್ನು ಹೇಗೆ ಗ್ರಹಿಸಿದ್ದರೆಂಬುದನ್ನು ಈ ನಿರುಕ್ತಿಯು ತಿಳಿಸುವುದರಿಂದ ಇದು ಉಪೇಕ್ಷಣೀಯವಲ್ಲ.

ದ್ರಾವಿಡ ಭಾಷೆಗಳಲ್ಲಿ ಇದಕ್ಕೆ ಸಮಾನವಾದ ಉದಾಹರಣೆಯಿದೆ. ಪೊನ್ ಎಂದರೆ ಚಿನ್ನವೂ ಹೌದು, ಲೋಹಸಾಮಾನ್ಯವೂ ಹೌದು. ಕನ್ನಡದ ಕಬ್ಬಿಣವು ಕರಿದು ಪೊನ್ ಎಂಬುದರಿಂದ ಬಂದುದು. ಕರಿಯ ಚಿನ್ನವೆಂದು ಅದರ ಅರ್ಥವಲ್ಲ, ಕರಿಯ ಲೋಹವೆಂದು ಅರ್ಥ. ಕೆಂಪಿನಿಂದಲೇ ಹೆಸರು ಪಡೆದ ಚೆಂಬು ತಾಮ್ರವನ್ನು ಸೂಚಿಸಿ, ಅನಂತರ ಕನ್ನಡದಲ್ಲಿ ಅದರಿಂದ ಮಾಡಿದ ನೀರಿನ ಪಾತ್ರೆಗೆ ಹೆಸರಾಯಿತು. ಪಂಚಲೋಹಕ್ಕೆ ತಮಿಳಿನಲ್ಲಿ ಐಂಪೊನ್ ಎಂಬ ಹೆಸರುಂಟು. ಐದು ಪೊನ್‌ಗಳೆಂದರೆ ಐದು ಲೋಹಗಳು. ಆದರೆ ಪೊನ್ ಶಬ್ದವನ್ನು ಕೇಳಿದ ಕಿವಿಗೆ ಚಿನ್ನವೇ ಮೊದಲು ಹೊಳೆಯುವುದು ಸಹಜ.

3. ಜೈನಾಗಮದ ಎರಡು ಪಟ್ಟಿಗಳು

ಜೈನ ವಾಙ್ಮಯದಲ್ಲಿ ಲೋಹಗಳ ಎಣಿಕೆ ಎರಡು ಭಿನ್ನ ಸಂದರ್ಭಗಳಲ್ಲಿ ಬರುತ್ತದೆ. ಇವೆರಡನ್ನೂ ಹೋಲಿಸಿ ನೋಡುವುದು ಫಲಪ್ರದವಾದುದು.

ಮೊದಲನೆಯದು ಪೃಥ್ವೀಕಾಯಿಕ ಜೀವಗಳ ಪ್ರಕರಣ. ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿಯೂ ಉತ್ತರಾಧ್ಯಯನದ 36ನೆಯ ಅಧ್ಯಯನದಲ್ಲಿಯೂ ಪೃಥ್ವಿಯ 36 ಭೇದಗಳನ್ನು ಹೇಳುವಾಗ ಅಯ, ತಂಬ, ತಉಯ, ಸೀಸಗ, ರುಪ್ಪ, ಸುವಣ್ಣ ಎಂಬ ಆರು ಲೋಹಗಳು ಒಂದೇ ಕ್ರಮದಲ್ಲಿ ಬರುತ್ತವೆ. ಇವು ಕ್ರಮವಾಗಿ ಕಬ್ಬಿಣ, ತಾಮ್ರ, ತವರ, ಸೀಸ, ಬೆಳ್ಳಿ, ಚಿನ್ನ. ದಿಗಂಬರ ಶ್ವೇತಾಂಬರ ಪರಂಪರೆಗಳೆರಡೂ ಇಲ್ಲಿ ಏಕಾಭಿಪ್ರಾಯವನ್ನು ಹೊಂದಿವೆ. ಈ ಪಟ್ಟಿಯಲ್ಲಿ ಕಂಚಿಲ್ಲ, ಹಿತ್ತಾಳೆಯಿಲ್ಲ.

ಎರಡನೆಯದು ಆಚಾರಾಂಗದ ಎರಡನೆಯ ಶ್ರುತಸ್ಕಂಧದ ಪಾತ್ರೈಷಣಾ ಪ್ರಕರಣ. ಮುನಿಗೆ ಗ್ರಾಹ್ಯವಲ್ಲದ ಬೆಲೆಯುಳ್ಳ ಪಾತ್ರೆಗಳನ್ನು ಎಣಿಸುವಾಗ ಮೇಲೆ ಹೇಳಿದ ಲೋಹಗಳ ಜೊತೆಗೆ ರೀರಿಯ ಮತ್ತು ಕಂಸ ಪಾತ್ರೆಗಳೂ ಸೇರಿವೆ. ರೀರಿಯವೆಂದರೆ ಸಂಸ್ಕೃತದ ರೀತಿ, ಅಂದರೆ ಹಿತ್ತಾಳೆ.

ಒಂದರಲ್ಲಿ ಮಿಶ್ರದ್ರವ್ಯಗಳಿಲ್ಲದಿರುವುದೂ ಇನ್ನೊಂದರಲ್ಲಿ ಇರುವುದೂ ಆಕಸ್ಮಿಕವೆನಿಸುವುದಿಲ್ಲ. ಮೊದಲನೆಯದು ಭೂಮಿಯಲ್ಲಿ ಹುಟ್ಟಿದ ಪದಾರ್ಥಗಳ ಪಟ್ಟಿ. ಎರಡನೆಯದು ಮನುಷ್ಯನು ಮಾಡಿದ ವಸ್ತುಗಳ ಪಟ್ಟಿ. ಕಂಚು ಗಣಿಯಲ್ಲಿ ಹುಟ್ಟುವುದಿಲ್ಲ, ಕುಲುಮೆಯಲ್ಲಿ ಹುಟ್ಟುತ್ತದೆ. ಈ ವಿವೇಕವು ಪ್ರಾಚೀನ ಜೈನಾಚಾರ್ಯರಿಗೆ ಇದ್ದಿತೆಂಬುದು ಈ ಎರಡು ಪಟ್ಟಿಗಳಿಂದ ವ್ಯಕ್ತವಾಗುತ್ತದೆ. ಎರಡರಲ್ಲಿಯೂ ಪ್ರತಿಯೊಂದು ದ್ರವ್ಯಕ್ಕೂ ಅದರದೇ ಹೆಸರುಂಟು. ಐದನ್ನು ಒಂದುಗೂಡಿಸಿದ ಹೆಸರು ಯಾವುದರಲ್ಲಿಯೂ ಇಲ್ಲ.

4. ವರ್ತಲೋಹದಿಂದ ಪಂಚಲೋಹಕ್ಕೆ

ಮಿಶ್ರಲೋಹಗಳ ಪ್ರಾಚೀನ ವಿಭಾಗದಲ್ಲಿ ಮೂರು ಹೆಸರುಗಳು ಸ್ಥಿರವಾಗಿವೆ. ವಿಭಂಗದ ಪಾಲಿ ಅಟ್ಠಕಥೆಯಾದ, ಬುದ್ಧಘೋಷನದೆಂದು ಸಂಪ್ರದಾಯವು ಹೇಳುವ ಸಮ್ಮೋಹವಿನೋದನಿಯಲ್ಲಿ ಮನುಷ್ಯಕೃತ ಲೋಹಗಳು ಕಂಸಲೋಹ, ವಟ್ಟಲೋಹ, ಆರಕೂಟ ಎಂದು ಮೂರು. ತವರ ತಾಮ್ರಗಳಿಂದ ಕಂಸ, ಸೀಸ ತಾಮ್ರಗಳಿಂದ ವಟ್ಟ, ರಸಕ ತಾಮ್ರಗಳಿಂದ ಆರಕೂಟ ಎಂದು ಅದು ವಿವರಿಸುತ್ತದೆ. ಮೂರರಲ್ಲಿಯೂ ತಾಮ್ರವೇ ಆಧಾರ. ರಸರತ್ನಸಮುಚ್ಚಯದ ವಿಭಾಗವೂ ಇದೇ ದಾರಿಯದು. ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣಗಳು ಶುದ್ಧಲೋಹಗಳು. ಸೀಸ, ತವರಗಳು ಪೂತಿಲೋಹಗಳು. ಪಿತ್ತಲ, ಕಾಂಸ್ಯ, ವರ್ತ ಇವು ಮಿಶ್ರಲೋಹಗಳು.

ಪಾಲಿಯ ವಟ್ಟವೂ ಸಂಸ್ಕೃತದ ವರ್ತವೂ ಒಂದೇ ಶಬ್ದ. ಅರ್ಥಶಾಸ್ತ್ರದ ವೃತ್ತವೂ ಇದೇ ಇರಬೇಕು. ಅಟ್ಠಕಥೆಯಲ್ಲಿ ಎರಡು ದ್ರವ್ಯಗಳಿಂದಾದ ಈ ಲೋಹವು ರಸರತ್ನಸಮುಚ್ಚಯದಲ್ಲಿ ಐದು ದ್ರವ್ಯಗಳದ್ದಾಗಿದೆ. ಕಂಚು, ತಾಮ್ರ, ಹಿತ್ತಾಳೆ, ಕಬ್ಬಿಣ, ಸೀಸ ಇವುಗಳಿಂದ ಹುಟ್ಟಿದುದು ವರ್ತಲೋಹ, ಲೋಹವಿದರು ಅದನ್ನೇ ಪಂಚಲೋಹವೆಂದು ಕರೆಯುತ್ತಾರೆ ಎಂದು ಆ ಗ್ರಂಥವು ಹೇಳುತ್ತದೆ.

ಈ ಲಕ್ಷಣವು ಎರಡು ಕಾರಣಗಳಿಂದ ಮಹತ್ತ್ವದ್ದು. ಮೊದಲನೆಯದಾಗಿ, ಇಲ್ಲಿ ಚಿನ್ನವೂ ಇಲ್ಲ, ಬೆಳ್ಳಿಯೂ ಇಲ್ಲ. ಎರಡನೆಯದಾಗಿ, ಐದರಲ್ಲಿ ಕಂಚು ಮತ್ತು ಹಿತ್ತಾಳೆ ಸ್ವತಃ ಮಿಶ್ರದ್ರವ್ಯಗಳು. ಸತುವನ್ನು ಬೇರೆಯಾಗಿ ಪಡೆಯುವ ಕ್ರಮ ರೂಢಿಗೆ ಬರುವ ಮೊದಲು ರಸಕವೆಂಬ ಅದಿರನ್ನು ತಾಮ್ರದೊಡನೆ ಕಾಯಿಸಿ ನೇರವಾಗಿ ಹಿತ್ತಾಳೆಯನ್ನು ಪಡೆಯುತ್ತಿದ್ದರು. ಆದುದರಿಂದ ಹಿತ್ತಾಳೆಯೂ ಒಂದು ಲೋಹವೆಂದೇ ಎಣಿಕೆಗೆ ಬಂದಿತು.

ಇದಕ್ಕೆ ಜೈನ ಕೋಶವೊಂದರ ಬೆಂಬಲವಿದೆ. 12ನೆಯ ಶತಮಾನದ ಹೇಮಚಂದ್ರಾಚಾರ್ಯರ ಅಭಿಧಾನಚಿಂತಾಮಣಿಯಲ್ಲಿ ಪಂಚಲೋಹವು ಸೌರಾಷ್ಟ್ರಕವೆಂಬ ಹೆಸರಿಗೆ ಪರ್ಯಾಯವಾಗಿ ಬರುತ್ತದೆ. ಅದರ ಸ್ಥಾನ ಚಿನ್ನ ಬೆಳ್ಳಿಗಳ ನಡುವೆ ಇಲ್ಲ, ಕಾಂಸ್ಯ ಮತ್ತು ವರ್ತಲೋಹಗಳ ಸಾಲಿನಲ್ಲಿದೆ. ಕಾಂಸ್ಯಕ್ಕೆ ವಂಗಶುಲ್ವಜ, ಅಂದರೆ ತವರ ತಾಮ್ರಗಳಿಂದ ಹುಟ್ಟಿದುದು, ಎಂಬ ಹೆಸರನ್ನು ಆಚಾರ್ಯರು ಕೊಟ್ಟಿರುವುದರಿಂದ ಘಟಕಗಳನ್ನು ಬಲ್ಲವರೇ ಈ ಸಾಲನ್ನು ಜೋಡಿಸಿದ್ದಾರೆಂಬುದು ನಿಶ್ಚಿತ. ಸೌರಾಷ್ಟ್ರಕವೆಂಬ ಹೆಸರು ಒಂದು ದೇಶದ ಹೆಸರಿನಿಂದ ಬಂದುದು. ವಡೋದರದ ಸಮೀಪದ ಅಕೋಟದಲ್ಲಿ 1951ರಲ್ಲಿ ಬೆಳಕಿಗೆ ಬಂದು, ಉಮಾಕಾಂತ ಪ್ರೇಮಾನಂದ ಶಾಹರಿಂದ 1959ರಲ್ಲಿ ಪ್ರಕಟವಾದ ಜೈನಬಿಂಬಗಳು ಪಶ್ಚಿಮ ಭಾರತದಲ್ಲಿ ಲೋಹದ ಎರಕದ ಕಲೆ ಎಷ್ಟು ಪ್ರಾಚೀನವೂ ಪ್ರೌಢವೂ ಆಗಿತ್ತೆಂಬುದನ್ನು ತೋರಿಸಿವೆ. ಆ ಪ್ರದೇಶದ ಮಿಶ್ರಲೋಹವೊಂದಕ್ಕೆ ದೇಶದ ಹೆಸರೇ ಬಿದ್ದುದು ಅಸಹಜವಲ್ಲ.

5. ಚಿನ್ನ ಬೆಳ್ಳಿಗಳ ಪ್ರವೇಶ

ಹಾಗಾದರೆ ಚಿನ್ನ ಬೆಳ್ಳಿಗಳು ಈ ಹೆಸರಿನೊಳಗೆ ಹೇಗೆ ಬಂದುವು? ತಮಿಳು ನಿಘಂಟುಗಳು ಐಂಪೊನ್ ಅಥವಾ ಪಂಚಲೋಹಕ್ಕೆ ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ, ಸೀಸ ಎಂದು ಐದನ್ನು ಹೇಳುತ್ತವೆ. ಉತ್ತರ ಭಾರತದಲ್ಲಿ ಪ್ರಸಿದ್ಧವಾದ ಅಷ್ಟಧಾತುವಿನಲ್ಲಿ ಇವುಗಳ ಜೊತೆಗೆ ತವರ, ಸತು, ಪಾದರಸ ಸೇರುತ್ತವೆ. ಸತುವಿಗೆ ಜಸದ ಅಥವಾ ಯಶದವೆಂಬ ಪ್ರತ್ಯೇಕ ಹೆಸರು ಕೋಶಗಳಲ್ಲಿ ಕಾಣಿಸಿಕೊಳ್ಳುವುದು 14ನೆಯ ಶತಮಾನದ ಮದನಪಾಲನಿಘಂಟುವಿನಂಥ ಗ್ರಂಥಗಳಲ್ಲಿ. ಆದುದರಿಂದ ಸತುವನ್ನೊಳಗೊಂಡ ಅಷ್ಟಧಾತುವಿನ ಪಟ್ಟಿಯು ಬಹಳ ಹಿಂದಿನದಾಗಲಾರದು. ಐದು ಮತ್ತು ಎಂಟು ಎಂಬ ಮಂಗಳಸಂಖ್ಯೆಗಳನ್ನು ತುಂಬುವುದಕ್ಕಾಗಿ ತಿಳಿದ ಲೋಹಗಳನ್ನು ಎಣಿಸಿದ ಪಟ್ಟಿಗಳಿವು, ಎರಕದವನ ತೂಕದ ಲೆಕ್ಕಗಳಲ್ಲ.

ಎರಕದವನ ವ್ಯವಹಾರವನ್ನು ತಿಳಿಸುವ ಗ್ರಂಥಕ್ಕೆ ಕರ್ನಾಟಕದಲ್ಲಿಯೇ ಉತ್ತಮ ನಿದರ್ಶನವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು (12ನೆಯ ಶತಮಾನ) ಮೇಣದ ಅಚ್ಚಿನಿಂದ ಬಿಂಬವನ್ನು ಎರೆಯುವ ವಿಧಾನವನ್ನು ಹೇಳುತ್ತದೆ. ಮೇಣದ ತೂಕಕ್ಕೆ ಬೆಳ್ಳಿಯಾದರೆ 12 ಪಟ್ಟು, ಚಿನ್ನವಾದರೆ 16 ಪಟ್ಟು ಬೇಕೆಂದೂ ಹಿತ್ತಾಳೆ ತಾಮ್ರಗಳಿಗೆ ಅದಕ್ಕಿಂತ ಕಡಮೆ ಸಾಕೆಂದೂ ಅದು ಲೆಕ್ಕ ಕೊಡುತ್ತದೆ. ಇಲ್ಲಿ ಚಿನ್ನದ ಬಿಂಬ ಬೇರೆ, ಬೆಳ್ಳಿಯ ಬಿಂಬ ಬೇರೆ, ತಾಮ್ರದ ಬಿಂಬ ಬೇರೆ.

ತಂಜಾವೂರಿನ ರಾಜರಾಜೇಶ್ವರ ದೇವಾಲಯದ 11ನೆಯ ಶತಮಾನದ ಆರಂಭದ ಶಾಸನಗಳು ಇನ್ನೂ ಸ್ಪಷ್ಟವಾದ ಸಾಕ್ಷ್ಯವನ್ನು ಒದಗಿಸುತ್ತವೆ. ಆಭರಣಗಳ ಚಿನ್ನವನ್ನು ಮಂಜಾಡಿಯವರೆಗೆ ತೂಗಿ ಬರೆಯಿಸಿದ ಆ ದಾನಿಗಳು, ಇಂದು ಪಂಚಲೋಹವೆಂದು ನಾವು ಕರೆಯುವಂಥ ಉತ್ಸವಮೂರ್ತಿಗಳಲ್ಲಿ ಬಹುಪಾಲನ್ನು ತಾಮ್ರದ ತಿರುಮೇನಿಗಳೆಂದೇ ದಾಖಲೆ ಮಾಡಿದ್ದಾರೆ. ಅವುಗಳಲ್ಲಿ ಗಣನೀಯವಾದ ಚಿನ್ನವಿದ್ದಿದ್ದರೆ ಇಷ್ಟು ಜಾಗರೂಕರಾದವರು ಅದನ್ನು ಬರೆಯದೆ ಬಿಡುತ್ತಿರಲಿಲ್ಲ.

ವಿಜ್ಞಾನದ ಪರೀಕ್ಷೆಯೂ ಇದನ್ನೇ ಸಮರ್ಥಿಸುತ್ತದೆ. ಶಾರದಾ ಶ್ರೀನಿವಾಸನ್ ಅವರು 1990ರ ದಶಕದಲ್ಲಿ ದಕ್ಷಿಣ ಭಾರತದ ಸುಮಾರು 130 ಲೋಹಬಿಂಬಗಳನ್ನು ಪರೀಕ್ಷಿಸಿದಾಗ ಹೆಚ್ಚಿನವು ಸೀಸ ಬೆರೆತ ಕಂಚಿನವೂ ಉಳಿದವು ಸೀಸ ಬೆರೆತ ಹಿತ್ತಾಳೆಯವೂ ಆಗಿದ್ದುವು. ಕಬ್ಬಿಣದ ವಿಷಯವಂತೂ ಇನ್ನೂ ಸ್ಪಷ್ಟ. ತಾಮ್ರ 1085 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಕಬ್ಬಿಣಕ್ಕೆ 1538 ಡಿಗ್ರಿ ಬೇಕು. ಕಂಚಿನ ಎರಕದ ಮೂಸೆಯಲ್ಲಿ ಕಬ್ಬಿಣವು ಸಮಭಾಗಿಯಾಗಿ ಬೆರೆಯಲಾರದು, ಅಲ್ಪಾಂಶವಾಗಿ ಮಾತ್ರ ಸೇರಬಲ್ಲುದು.

ಕಾವೇರಿ ತೀರದ ಸ್ವಾಮಿಮಲೈಯ ಸ್ಥಪತಿಗಳಲ್ಲಿ ಇಂದಿಗೂ ಇರುವ ಪದ್ಧತಿ ಈ ಸಮಸ್ಯೆಗೆ ಬೆಳಕು ಚೆಲ್ಲುತ್ತದೆ. ಅವರ ಎರಕದಲ್ಲಿ ತಾಮ್ರವೇ ಪ್ರಧಾನ, ಹಿತ್ತಾಳೆ ಮತ್ತು ಸ್ವಲ್ಪ ಸೀಸ ಅದರೊಡನೆ ಸೇರುತ್ತವೆ. ಬಿಂಬವನ್ನು ಮಾಡಿಸುವವರು ತಂದುಕೊಟ್ಟ ಚಿನ್ನ ಬೆಳ್ಳಿಗಳ ಚೂರುಗಳನ್ನು ಮೂಸೆಗೆ ಹಾಕುತ್ತಾರೆ. ಇದು ಮಿಶ್ರಣದ ವಿಧಿ ಎನ್ನುವುದಕ್ಕಿಂತ ದಾನದ ವಿಧಿ ಎನ್ನುವುದು ಯುಕ್ತ. ಚಿನ್ನವು ಪಂಚಲೋಹದೊಳಗೆ ಭಕ್ತಿಯ ದ್ವಾರದಿಂದ ಪ್ರವೇಶಿಸಿತು. ಅನಂತರ ಹೆಸರಿನ ಐದು ಸಂಖ್ಯೆ ಅದಕ್ಕೆ ಶಾಶ್ವತವಾದ ಸ್ಥಾನವನ್ನು ಕೊಟ್ಟಿತು.

6. ಜೈನ ಪ್ರತಿಷ್ಠಾಪರಂಪರೆಯ ನಿಲುವು

ಜೈನ ಗ್ರಂಥಗಳು ಬಿಂಬದ್ರವ್ಯದ ವಿಷಯದಲ್ಲಿ ಏನು ಹೇಳುತ್ತವೆ ಎಂಬುದು ಇಲ್ಲಿಯ ಮುಖ್ಯ ಪ್ರಶ್ನೆ. ವಸುನಂದಿ ಆಚಾರ್ಯರ ಶ್ರಾವಕಾಚಾರದಲ್ಲಿ ಜಿನಪ್ರತಿಮೆಗಳಿಗೆ ಯೋಗ್ಯವಾದ ದ್ರವ್ಯಗಳನ್ನು ಹೇಳುವಲ್ಲಿ ಮಣಿ, ಕನಕ, ರತ್ನ, ರೌಪ್ಯ, ಪಿತ್ತಲ, ಮುಕ್ತಾಫಲ, ಶಿಲೆ ಮೊದಲಾದವುಗಳಿವೆ. ಚಿನ್ನ ಬೆಳ್ಳಿಗಳ ಸಾಲಿನಲ್ಲಿಯೇ ಹಿತ್ತಾಳೆಗೆ ಅದರ ನಿಜನಾಮದಿಂದ ಸ್ಥಾನ ದೊರೆತಿದೆ. ಅದನ್ನು ಬೇರೊಂದು ಗೌರವದ ಹೆಸರಿನಿಂದ ಮರೆಮಾಡುವ ಅವಶ್ಯಕತೆ ಆಚಾರ್ಯರಿಗೆ ತೋರಲಿಲ್ಲ.

ದಿಲ್ಲಿಯ ಶ್ರೀಮಾಲ ಜೈನನಾದ ಠಕ್ಕುರ ಫೇರುವಿನ ವಾಸ್ತುಸಾರದಲ್ಲಿ (ವಿಕ್ರಮ ಸಂವತ್ 1372, ಕ್ರಿ. ಶ. 1315) ಲೋಹದ ಬಿಂಬಕ್ಕೆ ಧಾತುವೆಂಬ ಶಬ್ದವೇ ಬಳಕೆಯಾಗಿದೆ. ಧಾತುವಿನ ಮತ್ತು ಲೇಪದ ಬಿಂಬಗಳು ವಿಕಲಾಂಗವಾದರೆ ಪುನಃ ಸರಿಪಡಿಸಬಹುದು, ಮರ, ರತ್ನ, ಶಿಲೆಗಳ ಬಿಂಬಗಳನ್ನು ಹಾಗೆ ಮಾಡಲಾಗದು ಎಂಬುದು ಅವನ ಅಭಿಪ್ರಾಯ. ದ್ರವ್ಯದ ಗುಣವನ್ನು ನೋಡಿ ಹೇಳಿದ ಮಾತಿದು, ಬೆಲೆಯನ್ನು ನೋಡಿ ಹೇಳಿದುದಲ್ಲ. ಪಶ್ಚಿಮ ಭಾರತದಲ್ಲಿ ಧಾತುಪ್ರತಿಮೆಯೆಂಬ ಹೆಸರೇ ಇಂದಿಗೂ ಪ್ರಚುರವಾಗಿದೆ. ಅಲ್ಲಿಯ ನೂರಾರು ಪ್ರತಿಮಾಲೇಖಗಳಲ್ಲಿ ಸಂವತ್ತು, ತಿಥಿ, ಜ್ಞಾತಿ, ಮಾಡಿಸಿದವರ ವಂಶ, ಯಾರ ಶ್ರೇಯಸ್ಸಿಗಾಗಿ ಮಾಡಿಸಿದರು, ಪ್ರತಿಷ್ಠೆ ಮಾಡಿದ ಸೂರಿಗಳ ಗಚ್ಛ ಇವೆಲ್ಲ ಇರುತ್ತವೆ. ಬಿಂಬವು ಯಾವ ಲೋಹದ್ದೆಂಬುದು ಸಾಮಾನ್ಯವಾಗಿ ಇರುವುದಿಲ್ಲ.

ಅರ್ಬುದಾಚಲದ ದಿಲವಾಡದಲ್ಲಿ ಋಷಭನಾಥರ ಮಹಾಬಿಂಬವಿರುವ ಮಂದಿರಕ್ಕೆ ಪಿತ್ತಲಹರವೆಂದೇ ಹೆಸರು. ಸಂವತ್ 1525ರಲ್ಲಿ ಪ್ರತಿಷ್ಠೆಗೊಂಡ ಆ ಬಿಂಬ 108 ಮಣ ತೂಕದ್ದೆಂದು ಪ್ರಸಿದ್ಧಿ. ಹಿತ್ತಾಳೆಯ ಹೆಸರನ್ನೇ ಮಂದಿರಕ್ಕೆ ಇಟ್ಟು ಹೆಮ್ಮೆಪಟ್ಟವರು ಆ ಕಾಲದ ಶ್ರಾವಕರು. ಅಲ್ಲಿಗೆ ಸಮೀಪದ ಅಚಲಗಢದ ಧಾತುಬಿಂಬಗಳ ವಿಷಯದಲ್ಲಿ ಮಾತ್ರ ಅವುಗಳಲ್ಲಿ ಬಹಳ ಚಿನ್ನವಿದೆಯೆಂಬ ಜನಪ್ರತೀತಿ ಬೆಳೆದಿದೆ.

ಚಿನ್ನದ ಪ್ರಮಾಣವನ್ನು ನಿಖರವಾಗಿ ಹೇಳುವ ಶಾಸ್ತ್ರವು ಜೈನರಲ್ಲಿ ಇರಲಿಲ್ಲವೆಂದಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹದಲ್ಲಿ ಸುವರ್ಣಕುಟ್ಟೀಕಾರವೆಂಬ ಪ್ರಕರಣವೇ ಇದೆ. ಚಿನ್ನದ ಶುದ್ಧಿಯನ್ನು ವರ್ಣದಿಂದ ಅಳೆದು, ಪ್ರತಿಯೊಂದು ತುಣುಕಿನ ತೂಕವನ್ನು ಅದರ ವರ್ಣದಿಂದ ಗುಣಿಸಿ, ಮೊತ್ತವನ್ನು ಒಟ್ಟು ತೂಕದಿಂದ ಭಾಗಿಸಿದರೆ ಮಿಶ್ರಣದ ವರ್ಣ ದೊರೆಯುತ್ತದೆ. 16 ವರ್ಣದ 10 ತೂಕದ ಚಿನ್ನವನ್ನೂ 8 ವರ್ಣದ 6 ತೂಕದ ಚಿನ್ನವನ್ನೂ ಕೂಡಿಸಿದರೆ 208ನ್ನು 16ರಿಂದ ಭಾಗಿಸಿ 13 ವರ್ಣವೆಂದು ತಿಳಿಯುತ್ತದೆ. ಠಕ್ಕುರ ಫೇರುವಿನ ದ್ರವ್ಯಪರೀಕ್ಷೆಯು (ಸಂವತ್ 1375, ಕ್ರಿ. ಶ. 1318) ದಿಲ್ಲಿಯ ಟಂಕಸಾಲೆಯ ಅನುಭವದಿಂದ ಬಗೆಬಗೆಯ ನಾಣ್ಯಗಳಲ್ಲಿರುವ ಚಿನ್ನ ಬೆಳ್ಳಿಗಳ ಅಂಶವನ್ನು ಲೆಕ್ಕಹಾಕಿ ಕೊಡುತ್ತದೆ. ಅವನ ಗ್ರಂಥಗಳ ಒಂದೇ ಪ್ರತಿ ಕಲ್ಕತ್ತೆಯ ಜೈನ ಭಂಡಾರವೊಂದರಲ್ಲಿ ಅಗರಚಂದ ನಾಹಟಾ ಮತ್ತು ಭಂವರಲಾಲ ನಾಹಟಾ ಅವರಿಗೆ ದೊರೆತು, 1961ರಲ್ಲಿ ಜೋಧಪುರದಿಂದ ಪ್ರಕಟವಾದುದು ಹಸ್ತಪ್ರತಿಶಾಸ್ತ್ರದ ಇತಿಹಾಸದಲ್ಲಿ ಸ್ಮರಣೀಯವಾದ ಸಂಗತಿ. ಬೆಲೆಯುಳ್ಳ ಮಿಶ್ರಣವನ್ನು ಹೇಳಬೇಕಾದಾಗ ಜೈನ ಗ್ರಂಥಕಾರರು ಅಂಶಗಳನ್ನು ಎಣಿಸಿ ಹೇಳಿದರು. ಪಂಚಲೋಹದ ಲಕ್ಷಣದಲ್ಲಿ ರಸರತ್ನಸಮುಚ್ಚಯವು ಘಟಕಗಳನ್ನು ಹೆಸರಿಸುತ್ತದೆಯೇ ಹೊರತು ಪ್ರಮಾಣವನ್ನು ಹೇಳುವುದಿಲ್ಲ. ಅದು ಶುದ್ಧಿಯನ್ನು ಅಳೆಯುವ ಹೆಸರಾಗಿರಲಿಲ್ಲ.

7. ನಿಕ್ಷೇಪದೃಷ್ಟಿಯಿಂದ ನಿರ್ಣಯ

ಈ ಸಾಮಗ್ರಿಯನ್ನು ಜೈನನ್ಯಾಯದ ಪರಿಭಾಷೆಯಲ್ಲಿ ಹೀಗೆ ನಿರೂಪಿಸಬಹುದು. ಲೋಹ, ಅಯಸ್, ಧಾತು ಎಂಬಿವುಗಳನ್ನು ಏಕಾರ್ಥವೆಂದು ಹಿಡಿಯುವುದು ವ್ಯವಹಾರಕ್ಕೆ ಸಾಕಾಗಬಹುದು. ಸಮಭಿರೂಢನಯವಾದರೋ, ಇಂದ್ರ, ಶಕ್ರ, ಪುರಂದರ ಶಬ್ದಗಳಂತೆ, ಶಬ್ದಭೇದದಿಂದ ಅರ್ಥಭೇದವನ್ನು ಗ್ರಹಿಸುತ್ತದೆ. ಕೆಂಪಾದುದು, ಅದಿರಿನಿಂದ ಸೆಳೆದುದು, ಐದು ಕೂಡಿದುದು ಎಂಬ ವ್ಯುತ್ಪತ್ತಿಗಳು ಒಂದೊಂದು ಕಾಲದ, ಒಂದೊಂದು ಜನದ ದೃಷ್ಟಿಯನ್ನು ಹೇಳುತ್ತವೆ. ಗ್ರಂಥಸಂಪಾದಕನು ಯಾವ ಕಾಲದ ಯಾವ ಗ್ರಂಥವೆಂಬುದನ್ನು ನೋಡಿ ಅರ್ಥವನ್ನು ನಿರ್ಧರಿಸಬೇಕು.

ತತ್ತ್ವಾರ್ಥಸೂತ್ರವು ಹೇಳುವ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳಲ್ಲಿ ಗುಣವನ್ನು ಅಪೇಕ್ಷಿಸದೆ ವ್ಯವಹಾರಕ್ಕಾಗಿ ಇಟ್ಟ ಹೆಸರು ನಾಮನಿಕ್ಷೇಪ. ಇಂದು ಬಸದಿಗಳ ಪಟ್ಟಿಯಲ್ಲಿ ಕಾಣುವ ಪಂಚಲೋಹವು ಬಹುಮಟ್ಟಿಗೆ ಇಂಥ ಹೆಸರು. ಬಿಂಬದ ಪೂಜ್ಯತೆಯಾದರೋ ಸ್ಥಾಪನಾನಿಕ್ಷೇಪದಿಂದ ಬಂದುದು. ಕಲ್ಲಿನಲ್ಲಿಯೂ ಹಿತ್ತಾಳೆಯಲ್ಲಿಯೂ ಚಿನ್ನದಲ್ಲಿಯೂ ಅರ್ಹಂತರ ಸ್ಥಾಪನೆ ಒಂದೇ. ಆದುದರಿಂದ ಪಂಚಲೋಹದಲ್ಲಿ ಚಿನ್ನವಿಲ್ಲವೆಂದು ತಿಳಿದರೆ ಬಿಂಬದ ಗೌರವಕ್ಕೆ ಕುಂದೆಂಬ ಅಂಜಿಕೆಗೆ ಶಾಸ್ತ್ರದಲ್ಲಿ ಆಧಾರವಿಲ್ಲ.

ಪ್ರತಿಯಾಗಿ, ಚಿನ್ನವಿದೆಯೆಂಬ ನಂಬಿಕೆಯಿಂದ ಆಗುವ ಕೇಡು ಪ್ರತ್ಯಕ್ಷವಾದುದು. ಚಿನ್ನದ ಆಸೆಯಿಂದ ಬಿಂಬವನ್ನು ಕದಿಯುವವರಿಗೂ ಒರೆದು ನೋಡುವವರಿಗೂ ಈ ಹೆಸರೇ ಆಮಿಷ. ಹಳೆಯ ಬಿಂಬವನ್ನು ಕರಗಿಸಿ ಹೊಸದನ್ನು ಮಾಡಿಸಿದರೆ ಪೀಠದ ಹಿಂಬದಿಯ ಲೇಖ, ಅದರೊಡನೆ ಒಂದು ವಂಶದ, ಒಂದು ಗಣಗಚ್ಛದ, ಒಬ್ಬ ಆಚಾರ್ಯರ ಹೆಸರು ಶಾಶ್ವತವಾಗಿ ನಷ್ಟವಾಗುತ್ತದೆ. ಆ ಎರಡು ಸಾಲಿನ ಲೇಖದ ಬೆಲೆಯನ್ನು ಯಾವ ವರ್ಣದ ಚಿನ್ನದಿಂದಲೂ ತುಂಬಲಾಗದು.

8. ಸಂಪಾದಕರಿಗೆ ಮತ್ತು ಪಟ್ಟಿಕಾರರಿಗೆ

ಮೇಲಿನ ವಿಚಾರದಿಂದ ಕೆಲವು ಅನುಷ್ಠಾನಯೋಗ್ಯ ಅಂಶಗಳು ದೊರೆಯುತ್ತವೆ. ಲೋಹಬಿಂಬವೆಂಬ ಶಬ್ದ ಬಂದಲ್ಲಿ ಕಬ್ಬಿಣದ ಬಿಂಬವೆಂದು ಟೀಕೆ ಬರೆಯುವುದು ತಪ್ಪು. ರೀತಿ, ಆರಕೂಟ, ಪಿತ್ತಲ, ಕಾಂಸ್ಯ, ವರ್ತ ಎಂಬ ಶಬ್ದಗಳು ಬಂದಲ್ಲಿ ಅವುಗಳನ್ನು ಪಂಚಲೋಹವೆಂಬ ಒಂದೇ ಅನುವಾದದಲ್ಲಿ ಮುಳುಗಿಸಬಾರದು. ಐದು ಘಟಕಗಳ ಪಟ್ಟಿಯು ರೂಢಿಯ ಪಟ್ಟಿಗಿಂತ ಭಿನ್ನವಾಗಿ ಕಂಡರೆ ಲಿಪಿಕಾರನ ದೋಷವೆಂದು ತಿದ್ದದೆ ಪ್ರತಿಯ ಪಾಠವನ್ನೇ ಉಳಿಸಬೇಕು.

ಪ್ರಾಕೃತ ಗ್ರಂಥಗಳಲ್ಲಿ ಇನ್ನೊಂದು ಎಚ್ಚರಿಕೆ ಅವಶ್ಯಕ. ಭಕಾರಕ್ಕೆ ಹಕಾರ ಬರುವ ನಿಯಮದಿಂದ ಲೋಭವೂ ಪ್ರಾಕೃತದಲ್ಲಿ ಲೋಹವಾಗುತ್ತದೆ. ಕೋಹ, ಮಾಣ, ಮಾಯಾ, ಲೋಹ ಎಂಬ ಕಷಾಯಚತುಷ್ಟಯವು ಎಲ್ಲರಿಗೂ ವಿದಿತವಾದುದು. ಪ್ರಕರಣವನ್ನು ನೋಡದೆ ಪದಸೂಚಿಯನ್ನು ಸಿದ್ಧಪಡಿಸಿದರೆ ಕಷಾಯವು ಗಣಿಯ ದ್ರವ್ಯಗಳ ನಡುವೆಯೂ ಗಣಿಯ ದ್ರವ್ಯವು ಕಷಾಯಗಳ ನಡುವೆಯೂ ಸೇರಿಹೋಗುವ ಸಂಭವವಿದೆ.

ಬಸದಿಗಳ ಬಿಂಬಗಳ ಪಟ್ಟಿಯಲ್ಲಿ ಮೂರು ಸಂಗತಿಗಳನ್ನು ಬೇರೆಬೇರೆ ಅಂಕಣಗಳಲ್ಲಿ ಬರೆಯುವುದು ಉಚಿತ: ಪೀಠಲೇಖದಲ್ಲಿ ದ್ರವ್ಯದ ಹೆಸರಿದ್ದರೆ ಅದು, ಸ್ಥಳದ ರೂಢಿಯ ಹೆಸರು, ಪರೀಕ್ಷೆ ನಡೆದಿದ್ದರೆ ಅದರ ಫಲ. 1972ರ ಪುರಾವಸ್ತು ಕಾಯಿದೆಯು 1976ರಲ್ಲಿ ಜಾರಿಗೆ ಬಂದಂದಿನಿಂದ ನೂರು ವರ್ಷ ಮೀರಿದ ಲೋಹಶಿಲ್ಪಗಳ ನೋಂದಣಿಯ ವ್ಯವಸ್ಥೆಯಿದೆ. ಕಳುವಾದ ಬಿಂಬವನ್ನು ಗುರುತಿಸಲು ಪಂಚಲೋಹವೆಂಬ ಒಂದು ಶಬ್ದದಿಂದ ಪ್ರಯೋಜನವಿಲ್ಲ. ಎತ್ತರ, ತೂಕ, ಲಾಂಛನ, ಪೀಠದ ಆಕಾರ, ಲೇಖದ ಪೂರ್ಣಪಾಠ ಮತ್ತು ಛಾಯಾಚಿತ್ರ ಇವುಗಳಿಂದ ಮಾತ್ರ ಅದು ಸಾಧ್ಯ.

ಪಂಚಲೋಹವೆಂಬ ಹೆಸರನ್ನು ಬಿಡಬೇಕೆಂಬುದು ಇಲ್ಲಿಯ ಅಭಿಪ್ರಾಯವಲ್ಲ. ಎಂಟು ನೂರು ವರ್ಷಗಳಿಗೂ ಹಿಂದಿನಿಂದ ಕೋಶಗಳಲ್ಲಿ ನೆಲೆಗೊಂಡಿರುವ, ಶ್ರಾವಕರ ನಾಲಗೆಯಲ್ಲಿ ಪವಿತ್ರವಾಗಿರುವ ಹೆಸರದು. ಮೂಲದಲ್ಲಿ ಅದು ತಾಮ್ರವನ್ನು ಆಧಾರವಾಗಿ ಉಳ್ಳ, ಹಲವು ದ್ರವ್ಯಗಳು ಕೂಡಿದ ಎರಕದ ಹೆಸರಾಗಿತ್ತೆಂಬುದನ್ನೂ ಚಿನ್ನ ಬೆಳ್ಳಿಗಳು ದಾನವಾಗಿ ಅದರೊಳಗೆ ಬಂದುವೆಂಬುದನ್ನೂ ತಿಳಿದು ಬಳಸಿದರೆ, ಗ್ರಂಥಗಳ ಅರ್ಥವೂ ಬಿಂಬಗಳ ರಕ್ಷಣೆಯೂ ಒಟ್ಟಿಗೆ ಸಾಧಿಸುತ್ತವೆ.